ಬೇರಿಯಂ ಟೈಟನೇಟ್ ಬಿಸಿ ಮಾಡಿದಾಗ ಕೆಪಾಸಿಟೆನ್ಸ್ ಯಾಕೆ ಹೀಗೆ ಏರಿಳಿಯುತ್ತದೆ?

ಧಾರವಾಡ_ಫಿಸಿಕ್ಸ್ | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಕೆಪಾಸಿಟರ್‌ಗಳಲ್ಲಿ ಬಳಸುವ ಬೇರಿಯಂ ಟೈಟನೇಟ್ ಎಂಬ ಸೆರಾಮಿಕ್ ತೆಗೆದುಕೊಂಡಿದ್ದೇನೆ. ಬೇರಿಯಂ ಕಾರ್ಬೊನೇಟ್, ಟೈಟಾನಿಯಂ ಡೈಆಕ್ಸೈಡ್ ಎರಡನ್ನೂ ಅರೆದು, 1100 ಡಿಗ್ರಿಯಲ್ಲಿ ಕ್ಯಾಲ್ಸಿನೇಶನ್ ಮಾಡಿ (ಪುಡಿಯನ್ನು ಕಾಯಿಸಿ), ಡೈನಲ್ಲಿ ಒತ್ತಿ, 1330 ಡಿಗ್ರಿಯಲ್ಲಿ ಸಿಂಟರ್ ಮಾಡಿದ (ಸುಟ್ಟು ಗಟ್ಟಿ ಮಾಡಿದ) ಪೆಲೆಟ್, ಅಂದರೆ ಬಿಲ್ಲೆ. 10 ಮಿಮೀ ಅಗಲ, 1 ಮಿಮೀ ದಪ್ಪ. ಎರಡೂ ಮುಖಕ್ಕೆ ಸಿಲ್ವರ್ ಪೇಸ್ಟ್ ಬಳಿದಿದ್ದೇನೆ.

ರೂಮಿನ ತಾಪಮಾನದಲ್ಲಿ ಎಲ್‌ಸಿಆರ್ ಮೀಟರ್ 1 ನ್ಯಾನೊಫ್ಯಾರಡ್‌ಗಿಂತ ಚೂರು ಜಾಸ್ತಿ ತೋರಿಸುತ್ತದೆ. ಲೆಕ್ಕ ಹಾಕಿದರೆ ಪರ್ಮಿಟಿವಿಟಿ 1500ರ ಆಸುಪಾಸು. ಫರ್ನೇಸ್ ಬಿಸಿ ಮಾಡುತ್ತಾ ಹೋದರೆ 100 ಡಿಗ್ರಿವರೆಗೆ ಅಂಥ ಬದಲಾವಣೆ ಇಲ್ಲ. ಅಲ್ಲಿಂದ ಮುಂದೆ ಸರ್ರನೆ ಏರಿ, 131ರಲ್ಲಿ ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ. ತಣ್ಣಗಾಗುವಾಗ ಅದೇ ತುದಿ 114ರಲ್ಲಿ ಬರುತ್ತದೆ. ಇದರಲ್ಲಿ ಕ್ಯೂರಿ ತಾಪಮಾನ ಯಾವುದು? ಇನ್ನೊಂದು, 200 ದಾಟಿದ ಮೇಲೆ 100 ಹರ್ಟ್ಸ್‌ನಲ್ಲಿ ಅಳೆದರೆ ಕರ್ವ್ ಮತ್ತೆ ಮೇಲಕ್ಕೆ ಹೋಗುತ್ತಿದೆ. ಪೆಲೆಟ್ ಕೆಟ್ಟಿದೆಯಾ?

ಇವೆರಡಕ್ಕಿಂತ ನನಗೆ ತಲೆ ತಿನ್ನುತ್ತಿರುವುದು ಬೇರೆ. ಕ್ಯೂರಿ ತಾಪಮಾನದಲ್ಲಿ ಪೋಲರೈಸೇಶನ್ ಇಲ್ಲವಾಗುತ್ತದೆ ಎಂದು ಓದಿದ್ದೇವೆ. ಪೋಲರೈಸೇಶನ್ ಹೋಗುವ ಜಾಗದಲ್ಲೇ ಪರ್ಮಿಟಿವಿಟಿ ಅತಿ ಹೆಚ್ಚು ಯಾಕೆ? ಫಾರ್ಮುಲಾ ಬರೆಯಲು ಬರುತ್ತದೆ. ಒಳಗೆ ಏನು ನಡೆಯುತ್ತದೆ ಅಂತ ಕಣ್ಣಿಗೆ ಕಟ್ಟುತ್ತಿಲ್ಲ.

ಪೆರೋವ್‌ಸ್ಕೈಟ್ | ಸೋಮವಾರ ರಾತ್ರಿ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಉಳಿದೆರಡು ಅದರ ಹಿಂದೆಯೇ ಬರುತ್ತವೆ.

ಪೋಲರೈಸೇಶನ್ ಬೇರೆ, ಪರ್ಮಿಟಿವಿಟಿ ಬೇರೆ. ಹೊರಗಿನಿಂದ ಫೀಲ್ಡ್ ಕೊಡದೇ ಇದ್ದರೂ ಒಳಗೆ ಚಾರ್ಜ್‌ಗಳು ಒಂದು ಕಡೆ ವಾಲಿಕೊಂಡಿರುತ್ತವಲ್ಲ, ಅದು ಪೋಲರೈಸೇಶನ್. ಸಣ್ಣ ಫೀಲ್ಡ್ ಕೊಟ್ಟಾಗ ಆ ವಾಲಿಕೆ ಎಷ್ಟು ಬದಲಾಗುತ್ತದೆ ಎಂಬುದು ಪರ್ಮಿಟಿವಿಟಿ. ನಿಮ್ಮ ಮೀಟರ್ ಅಳೆಯುವುದು ಎರಡನೆಯದನ್ನು ಮಾತ್ರ.

ಬೇರಿಯಂ ಟೈಟನೇಟ್‌ನಲ್ಲಿ 120 ಡಿಗ್ರಿಗಿಂತ ಮೇಲೆ ಸೆಲ್, ಅಂದರೆ ಹರಳಿನ ರಚನೆಯ ಅತಿ ಚಿಕ್ಕ ಘಟಕ, ಸರಿಯಾದ ಘನಾಕಾರ. ಟೈಟಾನಿಯಂ ಅಯಾನ್ ಆರು ಆಕ್ಸಿಜನ್‌ಗಳ ನಟ್ಟನಡುವೆ ಇರುತ್ತದೆ, ಸರಾಸರಿ ಲೆಕ್ಕದಲ್ಲಿ. 120ರ ಕೆಳಗೆ ಅದು ಒಂದು ಆಕ್ಸಿಜನ್ ಕಡೆಗೆ ಸರಿಯುತ್ತದೆ. ಸೆಲ್ ಆ ದಿಕ್ಕಿನಲ್ಲಿ ಶೇಕಡಾ 1ರಷ್ಟು ಉದ್ದವಾಗುತ್ತದೆ. ಇಷ್ಟು ಚಿಕ್ಕ ಸರಿತಕ್ಕೆ ರೂಮಿನ ತಾಪಮಾನದಲ್ಲಿ ಚದರ ಸೆಂಟಿಮೀಟರ್‌ಗೆ ಸುಮಾರು 26 ಮೈಕ್ರೊಕೂಲಂಬ್ ಪೋಲರೈಸೇಶನ್ ಬರುತ್ತದೆ.

ಈಗ ಆ ಟೈಟಾನಿಯಂ ಅನ್ನು ಬಾಣಲೆಯಲ್ಲಿರುವ ಗೋಲಿ ಅಂದುಕೊಳ್ಳಿ. 250 ಡಿಗ್ರಿಯಲ್ಲಿ ಬಾಣಲೆ ಆಳವಾಗಿದೆ. ಸ್ವಲ್ಪ ವಾಲಿಸಿದರೆ ಗೋಲಿ ಅಷ್ಟೇನೂ ಕದಲುವುದಿಲ್ಲ. ತಾಪಮಾನ ಇಳಿಸುತ್ತಾ ಬನ್ನಿ. ತಳ ಚಪ್ಪಟೆಯಾಗುತ್ತಾ ದೋಸೆ ಕಾವಲಿಯ ಹಾಗೆ ಆಗುತ್ತದೆ. ಕಾವಲಿ ಮೇಲಿನ ಗೋಲಿಗೆ ಚೂರೇ ಚೂರು ವಾಟ ಸಿಕ್ಕರೂ ದೂರ ಓಡುತ್ತದೆ. ಅದೇ ಆ ತುದಿ, ಅತಿ ಹೆಚ್ಚಿನ ಪರ್ಮಿಟಿವಿಟಿ. ಇನ್ನೂ ತಣ್ಣಗೆ ಮಾಡಿದರೆ ಬದಿಯಲ್ಲಿ ಗುಳಿಗಳು ಬೀಳುತ್ತವೆ. ಗೋಲಿ ಒಂದು ಗುಳಿಯಲ್ಲಿ ಕೂರುತ್ತದೆ. ಅದು ಪೋಲರೈಸೇಶನ್. ಗುಳಿಯಲ್ಲಿ ಕೂತ ಮೇಲೆ ಮತ್ತೆ ಕದಲಿಸುವುದು ಕಷ್ಟ, ಹಾಗಾಗಿ ಪರ್ಮಿಟಿವಿಟಿ ಇಳಿಯುತ್ತದೆ.

ತಳ ಚಪ್ಪಟೆಯಾಗುವುದು ಸುಮ್ನೆ ಹೇಳುವ ಮಾತಲ್ಲ. ಅಯಾನ್‌ಗಳು ಅಲ್ಲಾಡುವ ಒಂದು ನಿರ್ದಿಷ್ಟ ಕಂಪನದ ಫ್ರೀಕ್ವೆನ್ಸಿ ಕ್ಯೂರಿ ತಾಪಮಾನದ ಹತ್ತಿರ ಬರುತ್ತಾ ಕುಸಿಯುತ್ತದೆ. 1960ರ ಸುಮಾರಿಗೆ ಕಾಕ್ರನ್ ಮತ್ತು ಆ್ಯಂಡರ್‌ಸನ್ ಬೇರೆ ಬೇರೆಯಾಗಿ ಇದನ್ನು ಹೇಳಿದರು. ಸಾಫ್ಟ್ ಮೋಡ್ ಎನ್ನುವುದು ಇದಕ್ಕೇ.

ಇದನ್ನು ಹಿಡಿದುಕೊಂಡರೆ ಈ ವಿಷಯದ ಅರ್ಧ ಭಾಗ ಕೈಗೆ ಸಿಕ್ಕಿದ ಹಾಗೆ. ಪರ್ಮಿಟಿವಿಟಿ ಜಾಸ್ತಿ ಇರುವುದಕ್ಕೂ ತಾಪಮಾನಕ್ಕೆ ವಸ್ತು ಇಷ್ಟು ಸೂಕ್ಷ್ಮವಾಗಿರುವುದಕ್ಕೂ ಕಾರಣ ಒಂದೇ: ಅದು ಬದಲಾವಣೆಯ ಅಂಚಿನಲ್ಲಿದೆ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಸುಲಭವಾಗಿ ಸಿಗುವುದಿಲ್ಲ.

ನಿಮ್ಮ ಎರಡು ತುದಿಗಳ ಬಗ್ಗೆ. ಬೇರಿಯಂ ಟೈಟನೇಟ್‌ನಲ್ಲಿ ಈ ಬದಲಾವಣೆ ಮೆಲ್ಲಗೆ ಜಾರುವುದಿಲ್ಲ, ಹಾರುತ್ತದೆ. ಫಸ್ಟ್ ಆರ್ಡರ್. ಹಾಗಾಗಿ ಬಿಸಿ ಮಾಡುವಾಗ ಸ್ವಲ್ಪ ಮೇಲೆ, ತಣ್ಣಗಾಗುವಾಗ ಸ್ವಲ್ಪ ಕೆಳಗೆ ಬರುವುದು ಸಹಜ. ಆದರೆ ಕೆಲವು ಡಿಗ್ರಿ ಮಾತ್ರ. 17 ಡಿಗ್ರಿ ತುಂಬಾ ಆಯಿತು. ತಾಪಮಾನ ಅಳೆಯುವ ಥರ್ಮೋಕಪಲ್ ಎಲ್ಲಿಟ್ಟಿದ್ದೀರಿ? ನಿಮಿಷಕ್ಕೆ ಎಷ್ಟು ಡಿಗ್ರಿ ಏರಿಸುತ್ತಿದ್ದೀರಿ?

200ರ ಮೇಲಿನ ಏರಿಕೆಗೂ ಫೆರೋಎಲೆಕ್ಟ್ರಿಕ್ ಗುಣಕ್ಕೂ, ಅಂದರೆ ತಾನಾಗೇ ಪೋಲರೈಸ್ ಆಗುವ ಗುಣಕ್ಕೂ, ಸಂಬಂಧವಿಲ್ಲ. ಸಿಂಟರ್ ಮಾಡುವಾಗ ಆಕ್ಸಿಜನ್ ಕಳೆದುಕೊಂಡ ಖಾಲಿ ಜಾಗಗಳು ಬಿಸಿಗೆ ಓಡಾಡಲು ಶುರು ಮಾಡುತ್ತವೆ. ಲೀಕೇಜ್ ಕರೆಂಟ್ ಬೆಳೆಯುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ಆ ಚಾರ್ಜ್‌ಗಳು ಗ್ರೇನ್‌ಗಳ (ಸೆರಾಮಿಕ್‌ನೊಳಗಿನ ಸಣ್ಣ ಹರಳುಗಳ) ಅಂಚಿನಲ್ಲಿ, ಎಲೆಕ್ಟ್ರೋಡ್ ಹತ್ತಿರ ಗುಂಪು ಸೇರಿ ಕೆಪಾಸಿಟೆನ್ಸ್ ಹೆಚ್ಚಾದಂತೆ ತೋರಿಸುತ್ತವೆ. ಅದೇ ಪೆಲೆಟ್ ಅನ್ನು 100 ಕಿಲೋಹರ್ಟ್ಸ್‌ನಲ್ಲಿ ಅಳೆಯಿರಿ, ಏರಿಕೆ ಬಹುಪಾಲು ಮಾಯವಾಗುತ್ತದೆ. ಟ್ಯಾನ್ ಡೆಲ್ಟಾವನ್ನೂ (ಶಾಖವಾಗಿ ಪೋಲಾಗುವ ಶಕ್ತಿಯ, ಅಂದರೆ ಲಾಸ್‌ನ ಅಳತೆ) ಜೊತೆಗೆ ಪ್ಲಾಟ್ ಮಾಡಿ. ಪೆಲೆಟ್ ಕೆಟ್ಟಿಲ್ಲ.

ಧಾರವಾಡ_ಫಿಸಿಕ್ಸ್ | ಸೋಮವಾರ ರಾತ್ರಿ

ಸರ್, ತುಂಬಾ ಧನ್ಯವಾದ. ಬಾಣಲೆ, ಕಾವಲಿ ಚಿತ್ರದಿಂದ ಒಮ್ಮೆಲೇ ಹೊಳೆಯಿತು. ಥರ್ಮೋಕಪಲ್ ಫರ್ನೇಸ್‌ನ ಗೋಡೆ ಪಕ್ಕದಲ್ಲಿದೆ, ಮೊದಲಿನಿಂದಲೂ ಅಲ್ಲೇ ಕೂರಿಸಿದ್ದಾರೆ. ನಿಮಿಷಕ್ಕೆ 5 ಡಿಗ್ರಿ ಏರಿಸುತ್ತೇನೆ.

ಸಿಂಟರಿಂಗ್_ಮೈಸೂರು | ಮಂಗಳವಾರ ಬೆಳಗ್ಗೆ

ಹಾಗಾದರೆ ಉತ್ತರ ಅಲ್ಲೇ ಇದೆ ತಮ್ಮಾ. ಬಿಸಿ ಮಾಡುವಾಗ ಗೋಡೆ ಪೆಲೆಟ್‌ಗಿಂತ ಮುಂದೆ ಓಡುತ್ತದೆ, ತಣ್ಣಗಾಗುವಾಗಲೂ ಅದೇ ಮೊದಲು ತಣ್ಣಗಾಗುತ್ತದೆ. ಅದಕ್ಕೇ ಎರಡು ತುದಿಗಳು ಅಷ್ಟು ದೂರ. ತೆಳ್ಳನೆಯ ಕೆ ಟೈಪ್ ಥರ್ಮೋಕಪಲ್ ತೆಗೆದುಕೊಂಡು ಸ್ಯಾಂಪಲ್ ಹೋಲ್ಡರ್‌ನ ಕೆಳಗಿನ ಎಲೆಕ್ಟ್ರೋಡ್‌ಗೆ ತಾಗುವಷ್ಟು ಹತ್ತಿರ ಇಡಿ. ಪೆಲೆಟ್‌ಗೆ ವಿದ್ಯುತ್ ಸಂಪರ್ಕ ಆಗದ ಹಾಗೆ ನಡುವೆ ತೆಳು ಮೈಕಾ ಚೂರು ಹಾಕಿ. ನಿಮಿಷಕ್ಕೆ 1 ಡಿಗ್ರಿ ಸಾಕು, 110ರಿಂದ 135ರ ನಡುವೆ ಇನ್ನೂ ನಿಧಾನ ಆದರೂ ಪರವಾಗಿಲ್ಲ.

ಸಿಲ್ವರ್ ಪೇಸ್ಟ್ ಒಣಗಿಸಿದ್ದು ಎಷ್ಟು ಡಿಗ್ರಿಯಲ್ಲಿ? ರೂಮಿನಲ್ಲಿ ಸುಮ್ನೆ ಒಣಗಲು ಬಿಟ್ಟಿದ್ದರೆ ಮೊದಲ ಸಲ ಬಿಸಿ ಮಾಡುವಾಗ ಅದರೊಳಗಿನ ಸಾಲ್ವೆಂಟ್ ಹೊರಬಂದು ಅಳತೆ ಕೆಡಿಸುತ್ತದೆ. 150ರಲ್ಲಿ ಒಣಗಿಸಿಟ್ಟುಕೊಳ್ಳಿ. ಪೆಲೆಟ್ ಅಂಚಿಗೆ ಪೇಸ್ಟ್ ಇಳಿದಿದ್ದರೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆಯಿರಿ. ಧಾರವಾಡದ ಮಳೆಗಾಲದಲ್ಲಿ ರಂಧ್ರ ಜಾಸ್ತಿ ಇರುವ ಪೆಲೆಟ್ ತೇವ ಹೀರಿಕೊಂಡು 100 ಡಿಗ್ರಿಯ ಕೆಳಗೆ ಇಲ್ಲದ ಲಾಸ್ ತೋರಿಸುತ್ತದೆ, ಅದನ್ನೂ ಗಮನಿಸಿ. ಮೊದಲು ಒಂದು ಸಲ 150ಕ್ಕೆ ಹೋಗಿ ಬಂದು, ಆಮೇಲೆ ಅಳತೆ ಬರೆದುಕೊಳ್ಳುವುದು ನಮ್ಮ ಲ್ಯಾಬ್‌ನ ಪದ್ಧತಿ. ಬೇರಿಯಂ ಕಾರ್ಬೊನೇಟ್ ವಿಷ, ಅರೆಯುವಾಗ ಮಾಸ್ಕ್, ಗ್ಲೌಸ್ ಮರೆಯಬೇಡಿ.

ಬೋರ್ಡ್_ರಿಪೇರಿ | ಮಂಗಳವಾರ ಮಧ್ಯಾಹ್ನ

ನಾನು ಓದಿದವನಲ್ಲ, ಬೋರ್ಡ್ ರಿಪೇರಿ ಮಾಡುತ್ತೇನೆ. ಈ ಚರ್ಚೆ ನನ್ನ ಕೆಲಸಕ್ಕೆ ತುಂಬಾ ಹತ್ತಿರ ಇದೆ ಅನ್ನಿಸಿತು. ಬೋರ್ಡ್ ಮೇಲೆ ಕೂತಿರುವ ಆ ಕಂದು ಬಣ್ಣದ ಸಣ್ಣ ಎಸ್‌ಎಂಡಿ ಕೆಪಾಸಿಟರ್‌ಗಳೆಲ್ಲ ಇದೇ ಬೇರಿಯಂ ಟೈಟನೇಟ್ ಅಲ್ವಾ? ಒಂದು ವಿಷಯ ನೋಡಿದ್ದೇನೆ. ಕೆಲವು 10 ಮೈಕ್ರೊಫ್ಯಾರಡ್ ಪೀಸ್‌ಗಳನ್ನು ಹಾಟ್ ಏರ್ ಗನ್‌ನಿಂದ ಚೂರು ಬಿಸಿ ಮಾಡುತ್ತಾ ಅಳೆದರೆ ಕೆಪಾಸಿಟೆನ್ಸ್ ಪಾತಾಳಕ್ಕೆ ಇಳಿಯುತ್ತದೆ. ಅದೇ ಸೈಜಿನ ಬೇರೆ ಪೀಸ್ ಅಲುಗಾಡುವುದಿಲ್ಲ. ಇನ್ನೊಂದು, ಹೊಸದಾಗಿ ಸೋಲ್ಡರ್ ಮಾಡಿದ ತಕ್ಷಣ ಅಳೆದರೆ ಜಾಸ್ತಿ, ಕೆಲವು ದಿನ ಬಿಟ್ಟು ಅಳೆದರೆ ಕಡಿಮೆ. ಯಾಕೆ?

ಪೆರೋವ್‌ಸ್ಕೈಟ್ | ಮಂಗಳವಾರ ಸಂಜೆ

ಎರಡೂ ಒಳ್ಳೆಯ ಗಮನಿಕೆ.

ಕೆಪಾಸಿಟೆನ್ಸ್ ಕುಸಿಯುವುದು ವೈ5ವಿ ಜಾತಿ ಇರಬೇಕು. ಆ ಮೂರು ಅಕ್ಷರದಲ್ಲಿ ತಾಪಮಾನದ ಕಥೆಯೇ ಇದೆ. ಮೊದಲ ಅಕ್ಷರ ಎಷ್ಟು ಕೆಳಗಿನ ತಾಪಮಾನದವರೆಗೆ ಎಂದು ಹೇಳುತ್ತದೆ, ಅಂಕೆ ಎಷ್ಟು ಮೇಲಿನವರೆಗೆ, ಕೊನೆಯ ಅಕ್ಷರ ಅಷ್ಟರೊಳಗೆ ಕೆಪಾಸಿಟೆನ್ಸ್ ಎಷ್ಟು ಬದಲಾಗಬಹುದು. ವೈ5ವಿ ಅಂದರೆ ಮೈನಸ್ 30ರಿಂದ 85 ಡಿಗ್ರಿ, ಬದಲಾವಣೆ ಶೇಕಡಾ 22 ಮೇಲೆ, ಶೇಕಡಾ 82 ಕೆಳಗೆ. ಅಂದರೆ 10 ಮೈಕ್ರೊಫ್ಯಾರಡ್ ಎಂದು ಕೊಂಡದ್ದು 85 ಡಿಗ್ರಿಯಲ್ಲಿ 1.8 ಆದರೂ ಅದು ಸ್ಪೆಸಿಫಿಕೇಶನ್ ಒಳಗೇ ಇದೆ! ಎಕ್ಸ್7ಆರ್ ಮೈನಸ್ 55ರಿಂದ 125ರವರೆಗೆ ಶೇಕಡಾ 15ರ ಒಳಗೆ ನಿಲ್ಲಬೇಕು. ಎರಡರಲ್ಲೂ ಮೂಲ ವಸ್ತು ಬೇರಿಯಂ ಟೈಟನೇಟೇ.

ವ್ಯತ್ಯಾಸ ಮಾಡುವುದು ಅದರ ತುದಿಯನ್ನು ಏನು ಮಾಡಿದ್ದಾರೆ ಎಂಬುದು. ವೈ5ವಿಯಲ್ಲಿ ಜಿರ್ಕೋನಿಯಂ, ಕ್ಯಾಲ್ಸಿಯಂ ಇಂಥವನ್ನು ಸೇರಿಸಿ 120ರಲ್ಲಿದ್ದ ತುದಿಯನ್ನು ರೂಮಿನ ತಾಪಮಾನದ ಹತ್ತಿರಕ್ಕೆ ಎಳೆದು ತಂದಿದ್ದಾರೆ. ಅಲ್ಲಿ ಪರ್ಮಿಟಿವಿಟಿ ಭರ್ಜರಿ, ಚಿಕ್ಕ ಪೀಸ್‌ನಲ್ಲಿ ದೊಡ್ಡ ಕೆಪಾಸಿಟೆನ್ಸ್. ಆದರೆ ತುದಿಯಿಂದ ಎರಡೂ ಕಡೆ ಇಳಿಜಾರು, ಬಿಸಿಯಾದರೂ ಇಳಿಯುತ್ತದೆ, ತಣ್ಣಗಾದರೂ ಇಳಿಯುತ್ತದೆ. ಎಕ್ಸ್7ಆರ್‌ನಲ್ಲಿ ಬೇರೆ ಜಾಣ್ಮೆ. ಒಂದೊಂದು ಗ್ರೇನ್‌ನ ಒಳಗೆ ಶುದ್ಧ ಬೇರಿಯಂ ಟೈಟನೇಟ್ ಬಿಟ್ಟು, ಹೊರಗಿನ ಸಿಪ್ಪೆಗೆ ಮಾತ್ರ ಮೆಗ್ನೀಸಿಯಂ, ಡಿಸ್ಪ್ರೋಸಿಯಂ, ಹೋಲ್ಮಿಯಂ ಇಂಥ ಲೋಹಗಳು ಇಳಿಯುವಂತೆ ಸಿಂಟರ್ ಮಾಡುತ್ತಾರೆ. ಸಿಪ್ಪೆಯ ಕ್ಯೂರಿ ತಾಪಮಾನ ಕೆಳಗೆ, ಒಳಗಿನದು 120ರ ಹತ್ತಿರ, ನಡುವೆ ಎಲ್ಲ ಹದಗಳೂ ಇರುತ್ತವೆ. ಎಲ್ಲ ಸೇರಿ ಒಂದು ಚೂಪು ತುದಿಯ ಬದಲು ಉದ್ದನೆಯ ದಿಬ್ಬ ಸಿಗುತ್ತದೆ. ಇದು ನನಗೆ ಈ ಕ್ಷೇತ್ರದಲ್ಲೇ ಅತಿ ಮೆಚ್ಚುಗೆಯ ಕೆಲಸ. ಒಂದು ಮೈಕ್ರಾನ್‌ಗೂ ಚಿಕ್ಕ ಗ್ರೇನ್‌ನೊಳಗೆ ಇಷ್ಟು ಹದ ಹಿಡಿಯುವುದು ಸಣ್ಣ ಮಾತಲ್ಲ.

ಸಿ0ಜಿ ಎಂದು ಬರೆದ ಪೀಸ್ ಇನ್ನೂ ಸ್ಥಿರ, ಯಾಕೆಂದರೆ ಅದು ಫೆರೋಎಲೆಕ್ಟ್ರಿಕ್ಕೇ ಅಲ್ಲ. ಹಾಗಾಗಿಯೇ ಅದರಲ್ಲಿ ದೊಡ್ಡ ಕೆಪಾಸಿಟೆನ್ಸ್ ಸಿಗುವುದಿಲ್ಲ. ಫ್ಯಾನ್ ಕೆಪಾಸಿಟರ್ ಕೂಡ ಈ ಜಾತಿಯಲ್ಲ, ಅದು ಪ್ಲಾಸ್ಟಿಕ್ ಫಿಲ್ಮ್.

ಸೋಲ್ಡರ್ ಮಾಡಿದ ಮೇಲಿನ ಬದಲಾವಣೆಗೆ ಏಜಿಂಗ್ ಎನ್ನುತ್ತಾರೆ. ಕ್ಯೂರಿ ತಾಪಮಾನ ದಾಟಿ ತಣ್ಣಗಾದ ತಕ್ಷಣ ಒಳಗಿನ ಡೊಮೇನ್‌ಗಳು, ಅಂದರೆ ಒಂದೇ ದಿಕ್ಕಿಗೆ ಪೋಲರೈಸ್ ಆದ ಪ್ರದೇಶಗಳು, ಸಡಿಲವಾಗಿ ಅಲ್ಲಾಡುತ್ತಿರುತ್ತವೆ. ದಿನ ಕಳೆದಂತೆ ತಮ್ಮ ತಮ್ಮ ಜಾಗದಲ್ಲಿ ಕಚ್ಚಿಕೊಳ್ಳುತ್ತವೆ. ಸಮಯ ಹತ್ತು ಪಟ್ಟು ಆದಾಗಲೆಲ್ಲ ಕೆಪಾಸಿಟೆನ್ಸ್ ಸರಿಸುಮಾರು ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಸೋಲ್ಡರ್ ಶಾಖಕ್ಕೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಅದಕ್ಕೇ ಸರಿಯಾಗಿ ಅಳೆಯಬೇಕಾದರೆ 150 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, 24 ಗಂಟೆ ಬಿಟ್ಟು ಅಳೆಯುವ ಕ್ರಮ ಇದೆ.

ಬೋರ್ಡ್_ರಿಪೇರಿ | ಮಂಗಳವಾರ ರಾತ್ರಿ

ಅಬ್ಬಾ, ಇಷ್ಟು ವರ್ಷ ಪೀಸ್ ಹಾಳಾಗಿದೆ ಅಂತ ಎಷ್ಟು ಜನ ಬಿಸಾಡಿರಬೇಕು. ಮೈಕ್ರೊಫ್ಯಾರಡ್ ಮತ್ತು ವೋಲ್ಟ್ ನೋಡಿ ಬದಲಾಯಿಸಿದರೆ ಸಾಲದು, ಆ ಮೂರು ಅಕ್ಷರವೂ ಹೊಂದಬೇಕು. ನಮ್ಮ ಹುಡುಗರಿಗೆ ಇದನ್ನು ಬರೆದು ಗೋಡೆಗೆ ಅಂಟಿಸುತ್ತೇನೆ.

ಹುಬ್ಬಳ್ಳಿ_ಕೂಲಿಂಗ್ | ಬುಧವಾರ ಬೆಳಗ್ಗೆ

ಫ್ರಿಜ್ ಕಂಪ್ರೆಸರ್‌ಗೆ ಹಾಕುವ ಪಿಟಿಸಿ ರಿಲೇ (ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವ ಬಗೆಯದು) ಇದೆಯಲ್ಲರೀ, ಅದರೊಳಗೆ ಒಂದು ಬಿಲ್ಲೆ ಇರುತ್ತದೆ. ಅದೂ ಬೇರಿಯಂ ಟೈಟನೇಟ್ ಅಂತ ಯಾರೋ ಹೇಳಿದ್ದರು. ಆದರೆ ಅದು ಕರೆಂಟ್ ಹಾಯಿಸುತ್ತದೆ! ತಣ್ಣಗಿದ್ದಾಗ ಮೀಟರ್ ಹಿಡಿದರೆ ಕೆಲವೇ ಓಮ್‌ಗಳಿಂದ ಹತ್ತಾರು ಓಮ್. ನೀವು ಹೇಳುತ್ತಿರುವುದು ಇನ್ಸುಲೇಟರ್ ಬಗ್ಗೆ. ಎರಡೂ ಒಂದೇ ಹೇಗಾಗುತ್ತದೆ?

ಪೆರೋವ್‌ಸ್ಕೈಟ್ | ಬುಧವಾರ ಮಧ್ಯಾಹ್ನ

ಒಂದೇ. ಅದರಲ್ಲಿ ಚೂರು ಲ್ಯಾಂಥನಂ, ಇಟ್ರಿಯಂ ಅಥವಾ ನಿಯೋಬಿಯಂ ಬೆರೆಸಿರುತ್ತಾರೆ. ಶೇಕಡಾ ಒಂದಕ್ಕೂ ಕಡಿಮೆ. ಅಷ್ಟರಿಂದಲೇ ಅದು ಸೆಮಿಕಂಡಕ್ಟರ್ ಆಗುತ್ತದೆ. ಆದರೆ ಗ್ರೇನ್ ಮತ್ತು ಗ್ರೇನ್ ನಡುವಿನ ಗಡಿಯಲ್ಲಿ ಎಲೆಕ್ಟ್ರಾನ್‌ಗಳು ಸಿಕ್ಕಿಬಿದ್ದು ಒಂದು ತಡೆ ಕಟ್ಟುತ್ತವೆ. ಆ ತಡೆಯ ಎತ್ತರ ಪರ್ಮಿಟಿವಿಟಿ ಜಾಸ್ತಿ ಇದ್ದಷ್ಟೂ ಕಡಿಮೆ. ಕ್ಯೂರಿ ತಾಪಮಾನದ ಕೆಳಗೆ ಪೋಲರೈಸೇಶನ್‌ನ ಚಾರ್ಜ್ ಕೂಡ ಗಡಿಯ ಚಾರ್ಜ್ ಅನ್ನು ಅಲ್ಲಲ್ಲಿ ಸರಿದೂಗಿಸುತ್ತದೆ. ಹಾಗಾಗಿ ಕರೆಂಟ್ ಸಲೀಸು. ಕ್ಯೂರಿ ತಾಪಮಾನ ದಾಟಿದರೆ ಪೋಲರೈಸೇಶನ್ ಇಲ್ಲ, ಪರ್ಮಿಟಿವಿಟಿಯೂ ಇಳಿಯುತ್ತಾ ಹೋಗುತ್ತದೆ. ತಡೆ ಎದ್ದು ನಿಲ್ಲುತ್ತದೆ. ಕೆಲವೇ ಹತ್ತು ಡಿಗ್ರಿಯೊಳಗೆ ರೆಸಿಸ್ಟೆನ್ಸ್ ಸಾವಿರ ಪಟ್ಟು, ಕೆಲವು ಬಿಲ್ಲೆಗಳಲ್ಲಿ ಅದಕ್ಕೂ ಎಷ್ಟೋ ಜಾಸ್ತಿ ಆಗುತ್ತದೆ. ಗಡಿಯ ಈ ವಿವರಣೆ ಕೊಟ್ಟವರು ಹೇವಾಂಗ್, 1961ರಲ್ಲಿ. ಗ್ರೇನ್ ಗಡಿಯೇ ಇಲ್ಲದ ಒಂಟಿ ಹರಳಿನಲ್ಲಿ ಈ ಜಿಗಿತ ಕಾಣುವುದಿಲ್ಲ.

ನಿಮ್ಮ ರಿಲೇಯಲ್ಲಿ ನಡೆಯುವುದು ಇಷ್ಟೇ. ಕಂಪ್ರೆಸರ್ ಶುರುವಾಗುವಾಗ ಬಿಲ್ಲೆ ತಣ್ಣಗಿದೆ, ಸ್ಟಾರ್ಟಿಂಗ್ ವೈಂಡಿಂಗ್‌ಗೆ ಧಾರಾಳ ಕರೆಂಟ್. ಕ್ಷಣದಲ್ಲಿ ಬಿಲ್ಲೆ ತಾನೇ ಬಿಸಿಯಾಗಿ ಕ್ಯೂರಿ ತಾಪಮಾನ ದಾಟುತ್ತದೆ, ವೈಂಡಿಂಗ್ ಬಹುತೇಕ ಕಳಚಿಕೊಂಡ ಹಾಗೆ. ಸ್ವಿಚ್ ಇಲ್ಲ, ಕಿಡಿ ಇಲ್ಲ.

ಹುಬ್ಬಳ್ಳಿ_ಕೂಲಿಂಗ್ | ಬುಧವಾರ ಸಂಜೆ

ಈಗ ಅರ್ಥ ಆಯಿತು. ಕರೆಂಟ್ ಹೋಗಿ ತಕ್ಷಣ ಬಂದರೆ ಕಂಪ್ರೆಸರ್ ಗುಂಯ್ ಅಂದು ಓಎಲ್‌ಪಿ (ಓವರ್‌ಲೋಡ್ ಪ್ರೊಟೆಕ್ಟರ್) ಟ್ರಿಪ್ ಆಗುವುದು ಇದಕ್ಕೇ. ಬಿಲ್ಲೆ ಇನ್ನೂ ಬಿಸಿ, ಸ್ಟಾರ್ಟಿಂಗ್ ವೈಂಡಿಂಗ್‌ಗೆ ಕರೆಂಟ್ ಹೋಗುವುದಿಲ್ಲ. ಅದರ ಜೊತೆಗೆ ಗ್ಯಾಸ್ ಪ್ರೆಶರ್ ಕೂಡ ಸಮ ಆಗಿರುವುದಿಲ್ಲ. ಸ್ಟೆಬಿಲೈಸರ್‌ನಲ್ಲಿ ಟೈಮ್ ಡಿಲೇ ಇಡುವುದು ಎರಡಕ್ಕೂ ಸೇರಿಯೇ. ಗಿರಾಕಿಗಳಿಗೆ ಹೇಳುವುದಿಷ್ಟೇ, ಕರೆಂಟ್ ಬಂದ ಮೇಲೆ ಐದು ನಿಮಿಷ ಬಿಟ್ಟು ಆನ್ ಮಾಡಿ. ರಿಲೇ ಅಲ್ಲಾಡಿಸಿದಾಗ ಒಳಗೆ ಗಲಗಲ ಸದ್ದು ಬಂದರೆ ಬಿಲ್ಲೆ ಒಡೆದಿದೆ ಎಂದು ಅರ್ಥ, ಬದಲಾಯಿಸಲೇಬೇಕು.

ಸಿಂಟರಿಂಗ್_ಮೈಸೂರು | ಬುಧವಾರ ಸಂಜೆ

ಸೊಳ್ಳೆ ಲಿಕ್ವಿಡ್ ಮಷಿನ್‌ಗಳಲ್ಲಿ ಹಲವದರೊಳಗೂ ಇಂಥದ್ದೇ ಪುಟ್ಟ ಬಿಲ್ಲೆ ಇರುತ್ತದೆ. ಹಳ್ಳಿಯಲ್ಲಿ ವೋಲ್ಟೇಜ್ 180ಕ್ಕೆ ಇಳಿದರೂ, 240ಕ್ಕೆ ಏರಿದರೂ ಬತ್ತಿಯ ಶಾಖ ಹೆಚ್ಚುಕಡಿಮೆ ಅದೇ. ಜಾಸ್ತಿ ಬಿಸಿಯಾದರೆ ತಾನೇ ಕರೆಂಟ್ ತಗ್ಗಿಸಿಕೊಳ್ಳುತ್ತದೆ. ಎಷ್ಟು ಡಿಗ್ರಿಯಲ್ಲಿ ನಿಲ್ಲಬೇಕು ಎಂಬುದನ್ನು ಪುಡಿ ಬೆರೆಸುವಾಗಲೇ ಗೊತ್ತುಮಾಡುತ್ತಾರೆ. ಸೀಸ ಸೇರಿಸಿದರೆ ಕ್ಯೂರಿ ತಾಪಮಾನ ಮೇಲೆ ಹೋಗುತ್ತದೆ, ಸ್ಟ್ರಾಂಶಿಯಂ ಸೇರಿಸಿದರೆ ಕೆಳಗೆ ಬರುತ್ತದೆ.

ಶಿರಸಿ_ಮೇಷ್ಟ್ರು | ಬುಧವಾರ ರಾತ್ರಿ

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ಜೊತೆ ರೊಶೆಲ್ ಸಾಲ್ಟ್ ಹರಳು ಬೆಳೆಸುತ್ತೇವೆ. ಫೆರೋಎಲೆಕ್ಟ್ರಿಕ್ ಗುಣ ಮೊದಲು ಕಂಡಿದ್ದೇ ಇದರಲ್ಲಿ. 1920ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಾಲಾಸೆಕ್ ಎಂಬ ಯುವ ಸಂಶೋಧಕ ಕಂಡುಕೊಂಡದ್ದು. ಇದಕ್ಕೆ ಒಂದಲ್ಲ, ಎರಡು ಕ್ಯೂರಿ ತಾಪಮಾನ: ಮೈನಸ್ 18 ಮತ್ತು 24 ಡಿಗ್ರಿ. ಇವೆರಡರ ನಡುವೆ ಮಾತ್ರ ಫೆರೋಎಲೆಕ್ಟ್ರಿಕ್. ನಮ್ಮ ಕಡೆ ಡಿಸೆಂಬರ್ ಬೆಳಗ್ಗೆ ಹರಳು ಫೆರೋಎಲೆಕ್ಟ್ರಿಕ್, ಮಧ್ಯಾಹ್ನದ ಹೊತ್ತಿಗೆ ಅಲ್ಲ! ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ.

ನನ್ನ ಸಂದೇಹ ಏನೆಂದರೆ, ಏಪ್ರಿಲ್ ತಿಂಗಳಲ್ಲಿ 33 ಡಿಗ್ರಿ ಇದ್ದಾಗಲೂ ಹರಳಿಗೆ ತಟ್ಟಿದರೆ ನಿಯಾನ್ ಬಲ್ಬ್ ಮಿಣುಕುತ್ತದೆ. 24 ದಾಟಿದ ಮೇಲೆ ಅದು ನಿಲ್ಲಬೇಕಿತ್ತಲ್ಲವೇ?

ಪೆರೋವ್‌ಸ್ಕೈಟ್ | ಬುಧವಾರ ರಾತ್ರಿ

ಮೇಷ್ಟ್ರೇ, ನಿಲ್ಲಬೇಕಿಲ್ಲ. ಒತ್ತಿದರೆ ವೋಲ್ಟೇಜ್ ಕೊಡುವುದು ಪಿಯೆಜೊ ಗುಣ. ಅದಕ್ಕೆ ಬೇಕಾದದ್ದು ಹರಳಿನ ರಚನೆಗೆ ಸಮ್ಮಿತಿಯ ಕೇಂದ್ರ ಇಲ್ಲದಿರುವುದು ಅಷ್ಟೇ. ರೊಶೆಲ್ ಸಾಲ್ಟ್‌ಗೆ 24ರ ಮೇಲೆಯೂ ಆ ಕೇಂದ್ರ ಇಲ್ಲ, ಹಾಗಾಗಿ ಪೋಲರೈಸೇಶನ್ ಹೋದರೂ ಪಿಯೆಜೊ ಉಳಿಯುತ್ತದೆ. ಬೇರಿಯಂ ಟೈಟನೇಟ್‌ನ ಘನಾಕಾರದ ಸ್ಥಿತಿಗೆ ಆ ಕೇಂದ್ರ ಇದೆ, ಅಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ಹರಳನ್ನು ಬಿಸಿಲಿಗೆ ಮಾತ್ರ ಇಡಬೇಡಿ. ಅದರೊಳಗೆ ನೀರಿನ ಅಣುಗಳಿವೆ, 55 ಡಿಗ್ರಿ ಮುಟ್ಟಿದರೆ ಹರಳೇ ಹಾಳಾಗುತ್ತದೆ. ಹಳೆಯ ಗ್ರಾಮಫೋನ್ ಪಿಕಪ್, ಕ್ರಿಸ್ಟಲ್ ಮೈಕ್‌ಗಳು ಸೆಖೆಯ ಊರುಗಳಲ್ಲಿ ಬೇಗ ಕೆಡುತ್ತಿದ್ದದ್ದು ಇದೇ ಕಾರಣಕ್ಕೆ.

ಈ ಸೂಕ್ಷ್ಮ ಹರಳಿನಿಂದ ಗಟ್ಟಿ ಸೆರಾಮಿಕ್‌ಗೆ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಆಗ ಒಳ್ಳೆಯ ಕೆಪಾಸಿಟರ್‌ಗೆ ಮೈಕಾ ಬೇಕಿತ್ತು. ಆ ಮೈಕಾದ ದೊಡ್ಡ ಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದ, ಕೋಡರ್ಮಾ ಕಡೆಯ ಗಣಿಗಳಿಂದ. ಬದಲಿ ಹುಡುಕುತ್ತಾ ಅಮೆರಿಕ, ಸೋವಿಯತ್ ಒಕ್ಕೂಟ, ಜಪಾನ್ ಮೂರೂ ಕಡೆ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಬೇರಿಯಂ ಟೈಟನೇಟ್ ಮುಟ್ಟಿದರು.

ರಾಯಚೂರು_ಬಿಸಿಲು | ಗುರುವಾರ ಬೆಳಗ್ಗೆ

ನಮ್ಮ ಮನೆ ಗೇಟಿಗೆ ಮನುಷ್ಯರು ಬಂದರೆ ಹತ್ತುವ ಲೈಟ್ ಹಾಕಿದ್ದೇವೆ. ಪಿಐಆರ್ ಸೆನ್ಸರ್. ಅದರೊಳಗೂ ಫೆರೋಎಲೆಕ್ಟ್ರಿಕ್ ಅಂತ ಓದಿದೆ. ಮೇ ತಿಂಗಳ ಸಂಜೆ ಸರಿಯಾಗಿ ಹತ್ತುವುದೇ ಇಲ್ಲ, ಜನವರಿಯಲ್ಲಿ ದೂರದಿಂದಲೇ ಹಿಡಿಯುತ್ತದೆ. ಬಿಸಿಲಿಗೆ ಅದರ ಪೋಲರೈಸೇಶನ್ ಹೋಗುತ್ತಿದೆಯಾ?

ಅಲ್ಟ್ರಾಸಾನಿಕ್ | ಗುರುವಾರ ಮಧ್ಯಾಹ್ನ

ಇಲ್ಲ. ಅದರೊಳಗಿನ ವಸ್ತುವಿಗೆ ರಾಯಚೂರಿನ ಬಿಸಿಲು ಏನೂ ಅಲ್ಲ. ಈ ಬಗೆಯ ಡಿಟೆಕ್ಟರ್‌ಗಳಲ್ಲಿ ಬಳಸುವ ಲಿಥಿಯಂ ಟ್ಯಾಂಟಲೇಟ್‌ನ ಕ್ಯೂರಿ ತಾಪಮಾನ 600 ಡಿಗ್ರಿಗಿಂತ ಮೇಲೆ. ಸೆನ್ಸರ್ ಕೆಲಸ ಮಾಡುವುದು ಪೈರೋ ಗುಣದಿಂದ. ತಾಪಮಾನ ಬದಲಾದಾಗ ಪೋಲರೈಸೇಶನ್ ಚೂರು ಬದಲಾಗುತ್ತದೆ, ಆ ಬದಲಾವಣೆಯಷ್ಟೇ ಕರೆಂಟ್ ಆಗಿ ಹೊರಬರುತ್ತದೆ. ನಿಮ್ಮ ಗೋಡೆ, ನೆಲ ಎಲ್ಲ 36, 37 ಡಿಗ್ರಿ ಇರುವಾಗ ಮನುಷ್ಯನ ಮೈ ಶಾಖಕ್ಕೂ ಹಿನ್ನೆಲೆಗೂ ವ್ಯತ್ಯಾಸವೇ ಇರುವುದಿಲ್ಲ. ಸೆನ್ಸರ್‌ಗೆ ಕಾಣಲು ಏನೂ ಇಲ್ಲ. ಪೂರ್ತಿ ಕತ್ತಲಾಗಿ ಗೋಡೆ ತಣಿದ ಮೇಲೆ ಮತ್ತೆ ಸರಿಯಾಗಿ ಹಿಡಿಯುತ್ತದೆ, ನೋಡಿ.

ಈ ಚರ್ಚೆಗೆ ನನ್ನ ಕಡೆಯಿಂದಲೂ ಒಂದು ಮಾತು. ನಾನು ಅಲ್ಟ್ರಾಸಾನಿಕ್ ಕ್ಲೀನಿಂಗ್ ಟ್ಯಾಂಕ್‌ಗಳ ಟ್ರಾನ್ಸ್‌ಡ್ಯೂಸರ್ ಕೆಲಸದಲ್ಲಿದ್ದೇನೆ. ನಮ್ಮದು ಪಿಝಡ್‌ಟಿ, ಲೆಡ್ ಜಿರ್ಕೊನೇಟ್ ಟೈಟನೇಟ್. ಮೇಲೆ ಪೆರೋವ್‌ಸ್ಕೈಟ್ ಅವರು ಹೇಳಿದ ಮಾತು ನಮ್ಮ ಕೆಟಲಾಗ್‌ನಲ್ಲೂ ಕಾಣುತ್ತದೆ. 5ಎಚ್ ಎಂಬ ಬಗೆಯ ಕ್ಯೂರಿ ತಾಪಮಾನ ಸುಮಾರು 195, ಪರ್ಮಿಟಿವಿಟಿ 3400. 8 ಎಂಬ ಬಗೆಯದು ಸುಮಾರು 300, ಪರ್ಮಿಟಿವಿಟಿ 1000. ಅಂಚಿಗೆ ಹತ್ತಿರ ಇದ್ದಷ್ಟೂ ಉದಾರ, ದೂರ ಇದ್ದಷ್ಟೂ ಗಟ್ಟಿ. ಟ್ಯಾಂಕ್‌ಗೆ ನಾವು ಹಾಕುವುದು 4 ಅಥವಾ 8 ಎಂಬ ಬಗೆ. 5ಎಚ್‌ನ ಲಾಸ್ ಅವುಗಳ ಐದು ಪಟ್ಟು. ಲಾಸ್‌ನಿಂದ ಶಾಖ, ಶಾಖದಿಂದ ಇನ್ನೂ ಲಾಸ್. ಒಮ್ಮೆ ಆ ಸುಳಿಗೆ ಬಿದ್ದರೆ ಪೀಸ್ ಡಿಪೋಲ್ ಆಗುವವರೆಗೆ, ಅಂದರೆ ಪೋಲರೈಸೇಶನ್ ಕಳೆದುಕೊಳ್ಳುವವರೆಗೆ, ನಿಲ್ಲುವುದಿಲ್ಲ. ಕ್ಯೂರಿ ತಾಪಮಾನದ ಅರ್ಧದ ಮೇಲೆ ಓಡಿಸಬೇಡಿ ಎಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ನಿಯಮ. ಪೋಲರೈಸೇಶನ್ 300ರಲ್ಲಿ ಒಮ್ಮೆಲೇ ಹೋಗುವುದಲ್ಲ, ಅದಕ್ಕೂ ಎಷ್ಟೋ ಮೊದಲೇ ಡೊಮೇನ್‌ಗಳು ದಿಕ್ಕು ತಪ್ಪಲು ಶುರುವಾಗಿರುತ್ತದೆ.

ಡಿಪೋಲ್ ಆದ ಪೀಸ್ ಒಡೆದಿಲ್ಲದಿದ್ದರೆ ಮತ್ತೆ ಪೋಲ್ ಮಾಡಬಹುದು. ಸಿಲಿಕೋನ್ ಆಯಿಲ್‌ನಲ್ಲಿ ಮುಳುಗಿಸಿ, 100ರಿಂದ 120 ಡಿಗ್ರಿಗೆ ತಂದು, ಮಿಲಿಮೀಟರ್ ದಪ್ಪಕ್ಕೆ 2, 3 ಕಿಲೋವೋಲ್ಟ್ ಕೊಟ್ಟು, ಆ ಫೀಲ್ಡ್ ಇರುವಾಗಲೇ ತಣ್ಣಗಾಗಲು ಬಿಡಬೇಕು. ಬಿಸಿ ಮಾಡುವುದು ಯಾಕೆಂದರೆ ಬಿಸಿಯಲ್ಲಿ ಡೊಮೇನ್ ತಿರುಗಿಸಲು ಕಡಿಮೆ ಫೀಲ್ಡ್ ಸಾಕು. ಫೀಲ್ಡ್ ತೆಗೆದು ಆಮೇಲೆ ತಣ್ಣಗೆ ಮಾಡಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹೈ ವೋಲ್ಟೇಜ್ ಕೆಲಸ, ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ.

ಧಾರವಾಡ_ಫಿಸಿಕ್ಸ್ | ಗುರುವಾರ ರಾತ್ರಿ

ಸರ್, ಒಂದು ಗೊಂದಲ. 8 ಎಂಬ ಬಗೆಯ ಪಿಝಡ್‌ಟಿಯ ಕ್ಯೂರಿ ತಾಪಮಾನ ಸುಮಾರು 300. ಅಂದರೆ ರೂಮಿನ ತಾಪಮಾನದಲ್ಲಿ ಅದು ಅಂಚಿನಿಂದ ತುಂಬಾ ದೂರ. ಆದರೂ ಪರ್ಮಿಟಿವಿಟಿ, ಪಿಯೆಜೊ ಎರಡೂ ಅಷ್ಟು ಚೆನ್ನಾಗಿದೆ. ಕಾವಲಿ ಚಪ್ಪಟೆಯಾಗಿದ್ದು ಹೇಗೆ?

ಪೆರೋವ್‌ಸ್ಕೈಟ್ | ಗುರುವಾರ ರಾತ್ರಿ

ಈ ಪ್ರಶ್ನೆ ಕೇಳಿದ್ದು ತುಂಬಾ ಸಂತೋಷ. ಪಿಝಡ್‌ಟಿಯ ದೊಡ್ಡತನವೇ ಇದು.

ಅಂಚು ಅಂದರೆ ತಾಪಮಾನದ ಅಂಚೇ ಆಗಬೇಕಿಲ್ಲ, ಮಿಶ್ರಣದ ಅಂಚೂ ಆಗಬಹುದು. ಜಿರ್ಕೋನಿಯಂ ಜಾಸ್ತಿ ಇದ್ದರೆ ಪೋಲರೈಸೇಶನ್ ಸೆಲ್‌ನ ಮೂಲೆಯಿಂದ ಮೂಲೆಗೆ. ಟೈಟಾನಿಯಂ ಜಾಸ್ತಿ ಇದ್ದರೆ ಮುಖದಿಂದ ಮುಖಕ್ಕೆ. 52ಕ್ಕೆ 48ರ ಹತ್ತಿರ ಎರಡಕ್ಕೂ ಸರಿಸಮ ಪೈಪೋಟಿ. ಯಾವ ದಿಕ್ಕಿಗೂ ತಿರುಗಲು ಸುಲಭ, ಆ ದಿಕ್ಕುಗಳ ನಡುವೆ ತಳ ಚಪ್ಪಟೆ. ಮಿಶ್ರಣವನ್ನು ಅಡ್ಡಕ್ಕೆ, ತಾಪಮಾನವನ್ನು ಮೇಲಕ್ಕೆ ಇಟ್ಟು ಬರೆದ ಚಾರ್ಟ್‌ನಲ್ಲಿ ಈ ಗಡಿ ಬಹುತೇಕ ನೆಟ್ಟಗೆ ನಿಂತಿದೆ, ಅಂದರೆ ತಾಪಮಾನ ಬದಲಾದರೂ ಮಿಶ್ರಣ ಗಡಿಯ ಹತ್ತಿರವೇ ಉಳಿಯುತ್ತದೆ. ಹೀಗೆ ಪಿಝಡ್‌ಟಿ ಹೆಚ್ಚಿನ ಪರ್ಮಿಟಿವಿಟಿ, ತಾಪಮಾನಕ್ಕೆ ಸುಲಭವಾಗಿ ಕದಲದ ಗುಣ ಎರಡನ್ನೂ ಒಟ್ಟಿಗೆ ಕೊಡುತ್ತದೆ. 1950ರ ದಶಕದ ಶುರುವಿನಲ್ಲಿ ಟೋಕಿಯೊದಲ್ಲಿ ಈ ಮಿಶ್ರಣದ ಚಾರ್ಟ್ ಬರೆದರು. 1954ರಲ್ಲಿ ಅಮೆರಿಕದಲ್ಲಿ ಜಾಫೆ ಮತ್ತು ಜೊತೆಗಾರರು ಗಡಿಯ ಹತ್ತಿರದ ಪಿಯೆಜೊ ಶಕ್ತಿಯನ್ನು ತೋರಿಸಿದರು. ಸೀಸ ಇಲ್ಲದೆ ಇಂಥದ್ದನ್ನು ಮಾಡುವುದು ಕಷ್ಟವಾಗಿರುವುದೂ ಇದಕ್ಕೇ. ಬದಲಿಯಾಗಿ ಬಂದ ಪೊಟ್ಯಾಸಿಯಂ ಸೋಡಿಯಂ ನಿಯೋಬೇಟ್‌ನಂಥವುಗಳಲ್ಲಿ ಗಡಿ ಓರೆಯಾಗಿದೆ, ತಾಪಮಾನ ಬದಲಾದರೆ ಕೈತಪ್ಪುತ್ತದೆ.

ಧಾರವಾಡ_ಫಿಸಿಕ್ಸ್ | ಮುಂದಿನ ಮಂಗಳವಾರ

ಥರ್ಮೋಕಪಲ್ ಪೆಲೆಟ್ ಪಕ್ಕಕ್ಕೆ ತಂದು, ನಿಮಿಷಕ್ಕೆ 1 ಡಿಗ್ರಿಯಲ್ಲಿ ಅಳೆದೆ. ಬಿಸಿಯಾಗುವಾಗ ತುದಿ 124, ತಣ್ಣಗಾಗುವಾಗ 120. 100 ಕಿಲೋಹರ್ಟ್ಸ್‌ನಲ್ಲಿ 200ರ ಮೇಲಿನ ಏರಿಕೆ ಇಲ್ಲ. ತುದಿಯ ಜಾಗ 1 ಕಿಲೋಹರ್ಟ್ಸ್‌ನಲ್ಲೂ 100ರಲ್ಲೂ ಒಂದೇ. ಪರ್ಮಿಟಿವಿಟಿಯನ್ನು ತಲೆಕೆಳಗು ಮಾಡಿ (1/ಪರ್ಮಿಟಿವಿಟಿ) ಪ್ಲಾಟ್ ಮಾಡಿದರೆ 140ರಿಂದ 200ರವರೆಗೆ ನೆಟ್ಟನೆಯ ಗೆರೆ ಬಂತು. ಅದನ್ನು ಕೆಳಗೆ ಎಳೆದರೆ ಸೊನ್ನೆ ಮುಟ್ಟುವುದು 111 ಡಿಗ್ರಿಯಲ್ಲಿ. ಫ್ರಿಜ್‌ನಿಂದ ಐಸ್ ತಂದು ಕೆಳಗಿನ ಕಡೆಯೂ ನೋಡಿದೆ. 5 ಡಿಗ್ರಿ ಹತ್ತಿರ ಒಂದು ಪುಟ್ಟ ದಿಬ್ಬ ಇದೆ.

ಮುಂದೆ ಶೇಕಡಾ 10 ಬೇರಿಯಂ ತೆಗೆದು ಸ್ಟ್ರಾಂಶಿಯಂ ಹಾಕಿ ನೋಡೋಣ ಅಂತ ಇದ್ದೇನೆ. ತುದಿ ಎಲ್ಲಿ ಬರಬಹುದು?

ಪೆರೋವ್‌ಸ್ಕೈಟ್ | ಮುಂದಿನ ಮಂಗಳವಾರ

ಅಚ್ಚುಕಟ್ಟಾದ ಅಳತೆ. 111 ಎಂಬುದು ಕ್ಯೂರಿ-ವೈಸ್ ತಾಪಮಾನ. ಅದು ತುದಿಗಿಂತ ಸುಮಾರು 10 ಡಿಗ್ರಿ ಕೆಳಗಿರುವುದೇ ಈ ಬದಲಾವಣೆ ಫಸ್ಟ್ ಆರ್ಡರ್ ಎಂಬುದಕ್ಕೆ ಸಾಕ್ಷಿ, ವರದಿಯಲ್ಲಿ ಬರೆಯಿರಿ. ಗೆರೆಯ ಓರೆಯಿಂದ ಕ್ಯೂರಿ ಕಾನ್‌ಸ್ಟೆಂಟ್ ತೆಗೆಯಿರಿ, ಒಂದೂವರೆ ಲಕ್ಷ ಕೆಲ್ವಿನ್ ಆಸುಪಾಸು ಬರಬೇಕು. ಹಾಗಿದ್ದರೆ 160 ಡಿಗ್ರಿಯಲ್ಲಿ ಪರ್ಮಿಟಿವಿಟಿ 3000ದ ಹತ್ತಿರ ಇರಬೇಕು, ಹೋಲಿಸಿ ನೋಡಿ. 5 ಡಿಗ್ರಿಯ ದಿಬ್ಬವೂ ನಿಜ. ಅಲ್ಲಿ ಪೋಲರೈಸೇಶನ್ ದಿಕ್ಕು ಬದಲಿಸುತ್ತದೆ. ಮೈನಸ್ 90ರ ಹತ್ತಿರ ಇನ್ನೊಮ್ಮೆ ಬದಲಿಸುತ್ತದೆ, ಅದಕ್ಕೆ ಲಿಕ್ವಿಡ್ ನೈಟ್ರೋಜನ್ ಬೇಕು.

ಸ್ಟ್ರಾಂಶಿಯಂ ಶೇಕಡಾ 1ಕ್ಕೆ ತುದಿ ಸುಮಾರು ಮೂರೂವರೆ ಡಿಗ್ರಿ ಕೆಳಗೆ ಬರುತ್ತದೆ. 10ಕ್ಕೆ 85ರಿಂದ 90ರ ನಡುವೆ ನಿರೀಕ್ಷಿಸಿ. ಶೇಕಡಾ 30 ಹಾಕಿದರೆ ರೂಮಿನ ತಾಪಮಾನದ ಹತ್ತಿರ.

ಸಿಂಟರಿಂಗ್_ಮೈಸೂರು | ಮುಂದಿನ ಮಂಗಳವಾರ

ತಮ್ಮಾ, ಸ್ಟ್ರಾಂಶಿಯಂ ಹಾಕುವಾಗ ಒಂದೇ ಸಲ ಕ್ಯಾಲ್ಸಿನ್ ಮಾಡಿದರೆ ಸರಿಯಾಗಿ ಬೆರೆಯುವುದಿಲ್ಲ. ಕ್ಯಾಲ್ಸಿನ್ ಮಾಡಿ, ಮತ್ತೆ ಅರೆದು, ಇನ್ನೊಮ್ಮೆ ಕ್ಯಾಲ್ಸಿನ್ ಮಾಡಿ. ಒಂದು ಜಾಗದಲ್ಲಿ ಸ್ಟ್ರಾಂಶಿಯಂ ಜಾಸ್ತಿ, ಇನ್ನೊಂದು ಜಾಗದಲ್ಲಿ ಕಡಿಮೆ ಇದ್ದರೆ ತುದಿ ಅಗಲವಾಗಿ ಹರಡುತ್ತದೆ. ಅದನ್ನು ನೋಡಿ ರಿಲ್ಯಾಕ್ಸರ್ ಎಂದು ಬರೆದುಬಿಡುವವರಿದ್ದಾರೆ. ರಿಲ್ಯಾಕ್ಸರ್ ಆದರೆ ಫ್ರೀಕ್ವೆನ್ಸಿ ಬದಲಿಸಿದಾಗ ತುದಿಯ ಜಾಗವೂ ಸರಿಯುತ್ತದೆ, ಬರೀ ಅಗಲವಾಗುವುದಲ್ಲ. ಎಕ್ಸ್‌ಆರ್‌ಡಿ (ಎಕ್ಸ್-ರೇ ಡಿಫ್ರ್ಯಾಕ್ಷನ್) ಮೊದಲು ತೆಗೆಸಿ, 45 ಡಿಗ್ರಿ ಕೋನದ ಹತ್ತಿರದ ಜೋಡಿ ಗೆರೆ ಸ್ಪಷ್ಟವಾಗಿದ್ದರೆ ಆಮೇಲೆ ಸಿಲ್ವರ್ ಬಳಿಯಿರಿ.